ಎರಡಾಣೆಯ ಲೆಕ್ಕ

ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟಿನ ಮೂಲ ಬಂಡವಾಳ 8,000 ರೂಪಾಯಿ. ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಕಟ್ಟಿದ ಈ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಕೊಟ್ಟರೂ ಪಡೆದು ಲೆಕ್ಕಕ್ಕೆ ಹಾಕುತ್ತಿದ್ದ. ಬಡವರ ಮೇಲಿನ ಕನಿಕರದಿಂದ ಹುಟ್ಟಿದ ಯೋಜನೆಯೆಂದು ಇದನ್ನು ಕೊಂಡಾಡುವುದು ರೂಢಿ. ಕೈಮಗ್ಗ ಸೊರಗಿ ಕಂಗೆಟ್ಟಿದ್ದ ನೇಕಾರರಿಗೆ ನೆರವಾಗುವ ಉದ್ದೇಶ ಸಂಸ್ಥಾಪಕರಿಗೆ ಇದ್ದದ್ದು ನಿಜ. ಆದರೆ ಯೋಜನೆ ದಶಕಗಳ ಕಾಲ ಬಾಳಿದ್ದು ಕನಿಕರದಿಂದಲ್ಲ, ಖರ್ಚಿನ ಲೆಕ್ಕ ಸರಿಯಾಗಿದ್ದುದರಿಂದ.

ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಹನಿಗೂಡಿ ಹಳ್ಳ ಎಂಬ ಮಾತು ಉಳಿಸುವವನಿಗೆ ಸಾಕು. ಬ್ಯಾಂಕಿಗೆ ಮಾತ್ರ ಹನಿ ಹಿಡಿಯುವ ಖರ್ಚು ಯಾರದೆಂಬ ಪ್ರಶ್ನೆ ಉಳಿಯುತ್ತದೆ. ಸಂಬಳದ ಗುಮಾಸ್ತನನ್ನು ಕಳಿಸಿದರೆ ಹಣ ಬಂದರೂ ಬಾರದಿದ್ದರೂ ಅದು ಸ್ಥಿರ ವೆಚ್ಚ. ಕಮಿಷನ್ ಏಜೆಂಟನಾದರೆ ತಂದಷ್ಟಕ್ಕೇ ಖರ್ಚು. ಒಂದೇ ಪೇಟೆಬೀದಿಯಲ್ಲಿ ಗಿರಾಕಿಗಳು ಹೆಚ್ಚಿದಂತೆ ಅವನು ಒಂದು ಸುತ್ತಿನಲ್ಲಿ ತರುವ ಹಣವೂ ಹೆಚ್ಚುತ್ತದೆ. ಮ್ಯಾನೇಜೀರಿಯಲ್ ಎಕನಾಮಿಕ್ಸ್ ಪುಸ್ತಕಗಳು ಕಲಿಸುವ ವೆಚ್ಚದ ಪಾಠ ಉಡುಪಿಯ ಬೀದಿಗಳಲ್ಲಿ ಹೀಗೆ ನಡೆಯುತ್ತಿತ್ತು.

ಅಷ್ಟು ಅಲೆಯುವ ಬದಲು ನಾಲ್ಕು ದೊಡ್ಡ ಠೇವಣಿದಾರರನ್ನು ಹಿಡಿದಿದ್ದರೆ ಖರ್ಚು ಉಳಿಯುತ್ತಿರಲಿಲ್ಲವೇ ಎಂದು ಕೇಳಬಹುದು. ಉಳಿಯುತ್ತಿತ್ತು, ಅವರು ಸಿಕ್ಕಿದ್ದರೆ. 1906ರಲ್ಲಿ ಹುಟ್ಟಿದ ಎರಡು ಬ್ಯಾಂಕುಗಳು, ಮಂಗಳೂರಿನದೊಂದು, ಉಡುಪಿಯದೇ ಇನ್ನೊಂದು, ಆಗಲೇ ಬೇರೂರಿದ್ದವು. 1924ರಲ್ಲಿ ಕರ್ಣಾಟಕ ಬ್ಯಾಂಕ್ ಕೂಡ ಬಂದಿತ್ತು. ದೊಡ್ಡ ಠೇವಣಿದಾರ ಬಡ್ಡಿಗಾಗಿ ಚೌಕಾಸಿ ಮಾಡುತ್ತಾನೆ, ಅವನೊಬ್ಬ ಹಣ ತೆಗೆದರೆ ಸಣ್ಣ ಬ್ಯಾಂಕು ನಡುಗುತ್ತದೆ. ಸಾವಿರಾರು ಚಿಕ್ಕ ಖಾತೆಗಳು ಒಟ್ಟಿಗೆ ಖಾಲಿಯಾಗುವುದು ಅಪರೂಪ. ಮನೆಬಾಗಿಲ ಖರ್ಚು ಆ ಭದ್ರತೆಗೆ ತೆತ್ತ ಬೆಲೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಬ್ಯಾಂಕು ಉಳಿಸಿದ ಖರ್ಚು ಏಜೆಂಟನ ಹೆಗಲೇರಿತಲ್ಲವೇ? ಏರಿತು. ಮಳೆಗಾಲದಲ್ಲಿ ಸುತ್ತು ತಪ್ಪಿದರೆ ನಷ್ಟ ಅವನದೇ. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಠೇವಣಿ ಸಂಗ್ರಹಿಸುವವರೂ ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೇ ಎಂದು 2001ರಲ್ಲಿ ತೀರ್ಪಾಯಿತು. ಇದು ಯೋಜನೆಯ ಲೆಕ್ಕ ಸುಳ್ಳೆಂದು ತೋರಿಸುವುದಿಲ್ಲ. ಅದರಲ್ಲಿ ಒಂದು ಬಾಬತ್ತು ಬಹುಕಾಲ ಬರೆಯದೇ ಉಳಿದಿತ್ತೆಂದು ತೋರಿಸುತ್ತದೆ.

1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದು, 1969ರಲ್ಲಿ ರಾಷ್ಟ್ರೀಕರಣಗೊಂಡ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಣ್ಣ ಗಿರಾಕಿಯೆಂದರೆ ನಷ್ಟವೆನ್ನುವ ಇಂದಿನ ವ್ಯವಸ್ಥಾಪಕರು ಪಿಗ್ಮಿಯ ಲೆಕ್ಕವನ್ನೊಮ್ಮೆ ತೆಗೆದು ನೋಡಲಿ; ನೋಡುವಾಗ ಏಜೆಂಟನ ಬಾಬತ್ತನ್ನೂ ಸೇರಿಸಿಕೊಳ್ಳಲಿ.