ಹೊಗೆ ತುಂಬಿದ ಕಣಿವೆ

ಹೊಳೆಯ ದಂಡೆಯಲ್ಲಿ ಊರು ಕಟ್ಟುವುದು ಮನುಷ್ಯನ ಹಳೆಯ ರೂಢಿ. ಕುಡಿಯಲು ನೀರು, ಸರಕು ಸಾಗಿಸಲು ದೋಣಿ, ಬಿರುಗಾಳಿಗೆ ಮರೆಯಾಗಿ ಗುಡ್ಡ, ಇವಿಷ್ಟು ದೊರೆತರೆ ನೆಲೆ ಒಳ್ಳೆಯದೆಂದೇ ಹಿರಿಯರು ಬಗೆದರು. ಆದರೆ ಅಂಥ ನೆಲೆಯೇ ಕಾರ್ಖಾನೆಗಳ ಕಾಲದಲ್ಲಿ ಬೋನಾಗಬಹುದು ಎಂಬುದಕ್ಕೆ ಅಮೆರಿಕದ ಡೊನೋರಾ ಎಂಬ ಪುಟ್ಟ ಊರಿನ ಚರಿತ್ರೆ ಸಾಕ್ಷಿಯಾಗಿದೆ.

ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ, ಪಿಟ್ಸ್‌ಬರ್ಗ್ ನಗರದ ದಕ್ಷಿಣಕ್ಕೆ, ಮೊನಾಂಗಹೀಲಾ ನದಿ ಕುದುರೆಯ ಲಾಳದಂತೆ ಬಳಸಿ ಹರಿಯುತ್ತದೆ. ಆ ತಿರುವಿನ ಒಳಗಡೆ ಡೊನೋರಾ; ಎದುರು ದಡದಲ್ಲಿ ವೆಬ್‌ಸ್ಟರ್ ಎಂಬ ಹಳ್ಳಿ. ಎರಡೂ ಕಡೆ ಸುಮಾರು 400 ಅಡಿ ಎತ್ತರದ ಕಡಿದಾದ ಗುಡ್ಡಗಳು. ನದಿಯ ಅಂಚಿನಲ್ಲಿ ಉಕ್ಕು ಮತ್ತು ತಂತಿಯ ಕಾರ್ಖಾನೆ ಇತ್ತು. 1915ರಲ್ಲಿ ಸತುವಿನ ಕಾರ್ಖಾನೆಯೂ ಬಂದಿತು. 1948ರಲ್ಲಿ ಊರಿನ ಜನ ಸುಮಾರು 14,000. ಹೆಚ್ಚಿನ ಮನೆಗಳಿಗೆ ಅನ್ನ ಹಾಕುತ್ತಿದ್ದುದು ಈ ಕಾರ್ಖಾನೆಗಳೇ. ವೆಬ್‌ಸ್ಟರ್ ಕಡೆಯ ರೈತರು ಮಾತ್ರ ತಮ್ಮ ಪೈರು, ತೋಟಗಳು ಹೊಗೆಯಿಂದ ಒಣಗಿದವೆಂದು ಬಹಳ ಹಿಂದೆಯೇ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು.

ಇನ್ನು ಋತುವಿನ ಮಾತು. ಸಾಮಾನ್ಯವಾಗಿ ನೆಲದ ಬಳಿಯ ಗಾಳಿ ಬೆಚ್ಚಗೆ, ಮೇಲಿನದು ತಂಪು. ಬೆಚ್ಚನೆಯ ಗಾಳಿ ಮೇಲೇರುವಾಗ ಹೊಗೆಯನ್ನೂ ಒಯ್ಯುತ್ತದೆ. ಶರತ್ಕಾಲದ ದೀರ್ಘ ರಾತ್ರಿಗಳಲ್ಲಿ ಇದು ತಲೆಕೆಳಗಾಗುವುದುಂಟು. ನೆಲ ಬೇಗ ತಣಿಯುತ್ತದೆ. ತಣಿದ ಗಾಳಿ ಭಾರವಾಗಿ ಗುಡ್ಡದಿಂದ ಜಾರಿ ಕಣಿವೆಯಲ್ಲಿ ನೆಲೆಸುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಮಾಗಿಯ ಬೆಳಗಿನಲ್ಲಿ ನಮ್ಮ ಹಳ್ಳಿಗಳ ಒಲೆಯ ಹೊಗೆ ಮೇಲೇರಲಾರದೆ ಸೂರಿನ ಮಟ್ಟದಲ್ಲೇ ಪಟ್ಟಿಯಾಗಿ ನಿಲ್ಲುವುದನ್ನು ಯಾರು ನೋಡಿಲ್ಲ? ಬಿಸಿಲೇರಿದೊಡನೆ ಅದು ಚದರಿಹೋಗುತ್ತದೆ. ಡೊನೋರಾದಲ್ಲಿ 1948ರ ಅಕ್ಟೋಬರ್ ಕೊನೆಯ ವಾರ ಹಾಗಾಗಲಿಲ್ಲ. ಗಾಳಿ ಬೀಸಲಿಲ್ಲ. ದಟ್ಟವಾದ ಮಂಜು ಬಿಸಿಲನ್ನು ನೆಲಕ್ಕೆ ಬೀಳಗೊಡಲಿಲ್ಲ. ನೆಲ ಕಾಯದುದರಿಂದ ಮುಚ್ಚಳ ತೆರೆಯಲಿಲ್ಲ. ಕಾರ್ಖಾನೆಗಳ ಗಂಧಕದ ಹೊಗೆ, ಲೋಹದ ಧೂಳು, ರೈಲು ಮತ್ತು ದೋಣಿಗಳ ಕಲ್ಲಿದ್ದಲ ಮಸಿ, ಎಲ್ಲವೂ ಆ ಒಂದೇ ಪಾತ್ರೆಯಲ್ಲಿ ದಿನದಿಂದ ದಿನಕ್ಕೆ ತುಂಬತೊಡಗಿದವು.

ಹೊಗೆಗೆ ಒಗ್ಗಿದ ಊರದು. 29ರ ಶುಕ್ರವಾರ ಸಂಜೆ ಹ್ಯಾಲೊವೀನ್ ಹಬ್ಬದ ಮೆರವಣಿಗೆಯೂ ನಡೆಯಿತು; ಮರುದಿನ ಫುಟ್‌ಬಾಲ್ ಪಂದ್ಯವೂ ನಡೆಯಿತು. ನೋಡಲು ಬಂದವರಿಗೆ ಆಟಗಾರರೇ ಸರಿಯಾಗಿ ಕಾಣಿಸಲಿಲ್ಲವಂತೆ. ಅಷ್ಟರಲ್ಲಾಗಲೇ ಮನೆಮನೆಗಳಲ್ಲಿ ಉಸಿರು ಕಟ್ಟುತ್ತಿತ್ತು. ಬೆಂಕಿ ಆರಿಸುವ ದಳದವರು ಆಮ್ಲಜನಕದ ಸಿಲಿಂಡರುಗಳನ್ನು ಹೊತ್ತು, ದಾರಿ ಕಾಣದ ಬೀದಿಗಳಲ್ಲಿ ತಡವರಿಸುತ್ತ, ಒಬ್ಬೊಬ್ಬರಿಗೂ ಒಂದಿಷ್ಟು ಉಸಿರು ಕೊಟ್ಟು ಮುಂದಿನ ಮನೆಗೆ ಓಡಿದರು. ಎದೆ, ಹೃದಯದ ಬೇನೆಯವರು ಊರು ಬಿಡಬೇಕೆಂದು ಡಾಕ್ಟರ್ ವಿಲಿಯಂ ರಾಂಗಾಸ್ ಎಂಬ ವೈದ್ಯರು ಸಾರಿದರು. 31ರ ಭಾನುವಾರ ಬೆಳಿಗ್ಗೆ ಸತುವಿನ ಕುಲುಮೆಗಳ ಕೆಲಸ ತಗ್ಗಿಸಿದರು. ಅಂದೇ ಮಳೆಯೂ ಬಂದಿತು. ಕಣಿವೆ ತಿಳಿಯಾಯಿತು. ಆ ವೇಳೆಗೆ 20 ಜನ ಸತ್ತಿದ್ದರು. ಸುಮಾರು 6,000 ಜನ ಕಾಯಿಲೆ ಬಿದ್ದಿದ್ದರು.

ತಪ್ಪು ಯಾರದು? ಹವೆಯದೇ ಎಂದಿತು ಕಾರ್ಖಾನೆಯ ಪಕ್ಷ. ದಾವೆಗಳು 1951ರಲ್ಲಿ ರಾಜಿಯಲ್ಲಿ ಮುಗಿದವು. ಹೊಣೆಯನ್ನು ಕಂಪನಿ ಒಪ್ಪಲಿಲ್ಲ. ಸರ್ಕಾರದ ಆರೋಗ್ಯ ಇಲಾಖೆ 1949ರಲ್ಲಿ ಹೊರತಂದ ವರದಿ ಯಾವುದೋ ಒಂದೇ ವಿಷವನ್ನು ಹೆಸರಿಸಲಿಲ್ಲ. ಗಂಧಕದ ಅನಿಲವೂ ಧೂಳೂ ಕೂಡಿದುದರಿಂದ ಕೇಡಾಯಿತೆಂದು ಸೂಚಿಸಿತು. ಹವೆಯ ವಾದದಲ್ಲಿ ಅರ್ಧ ಸತ್ಯವಿದೆ. ಮುಚ್ಚಳ ಹಾಕಿದ್ದು ಪ್ರಕೃತಿ, ನಿಜ. ಆದರೆ ಪಾತ್ರೆಗೆ ಹೊಗೆ ಸುರಿದವರು ಮನುಷ್ಯರು. ಅಂಥ ಮಂಜು ಆ ಕಣಿವೆಗೆ ಕುಲುಮೆಗಳು ಬರುವ ಮುಂಚೆಯೂ ಕವಿದಿರಲೇಬೇಕು. ಮೇಲಾಗಿ, 1930ರ ಡಿಸೆಂಬರಿನಲ್ಲೇ ಬೆಲ್ಜಿಯಂ ದೇಶದ ಮ್ಯೂಸ್ ಕಣಿವೆಯಲ್ಲಿ ಇಂಥದೇ ಮಂಜಿನಡಿ 60ಕ್ಕೂ ಹೆಚ್ಚು ಜನ ಸತ್ತಿದ್ದರು. ಎಚ್ಚರಿಕೆ ಬಂದಿತ್ತು, ಕಿವಿಗೊಟ್ಟವರು ಕಡಿಮೆ.

ಡೊನೋರಾದ ಬಳಿಕ ಮಾತು ವ್ಯರ್ಥವಾಗಲಿಲ್ಲ. 1955ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ವಾಯುಮಾಲಿನ್ಯದ ಸಂಶೋಧನೆಗೆ ಕಾನೂನು ಮಾಡಿತು. 1963ರಲ್ಲಿ ಶುದ್ಧ ವಾಯು ಕಾಯಿದೆ ಬಂದಿತು, 1970ರಲ್ಲಿ ಅದಕ್ಕೆ ಬಲ ಕೂಡಿತು. ಸತುವಿನ ಕಾರ್ಖಾನೆ 1957ರಲ್ಲಿ ಮುಚ್ಚಿತು. ಅದರೊಡನೆ ನೂರಾರು ಜನರ ಕೆಲಸವೂ ಹೋಯಿತು. ಅನ್ನಕ್ಕೂ ಉಸಿರಿಗೂ ನಡುವೆ ಒಂದನ್ನು ಆರಿಸಿಕೊಳ್ಳುವ ಸ್ಥಿತಿ ಯಾವ ಊರಿಗೂ ಬರಬಾರದು. ಗುಡ್ಡವನ್ನು ಸರಿಸಲು, ಚಳಿಯನ್ನು ತಡೆಯಲು ನಮ್ಮಿಂದಾಗದು. ಕುಲುಮೆಯನ್ನು ಎಲ್ಲಿ ಕಟ್ಟಬೇಕು, ಅದರ ಹೊಗೆಯನ್ನು ಹೇಗೆ ತೊಳೆಯಬೇಕು, ಗಾಳಿ ನಿಂತ ದಿನ ಅದನ್ನು ಯಾವಾಗ ಆರಿಸಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲೇ ಇದೆ.