ನವಲಗುಂದದ ಜಮಖಾನ: ಸೊಸೆಗೆ ಮಾತ್ರ ಕಲಿಸಿದ ವಿದ್ಯೆ

ಮದುವೆ ಇರಲಿ, ಭಜನೆ ಇರಲಿ, ನಮ್ಮ ಕಡೆ ನಾಲ್ಕು ಜನ ಕೂತರು ಅಂದ್ರೆ ಕೆಳಗೆ ಜಮಖಾನ ಬೇಕೇ ಬೇಕು. ಆದರೆ ನವಲಗುಂದದ ಜಮಖಾನದ ಗತ್ತೇ ಬೇರೆ. ಧಾರವಾಡ ಜಿಲ್ಲೆಯ ಈ ಊರಲ್ಲಿ ಜಮಖಾನ ಗಲ್ಲಿ ಅಂತ ಒಂದು ಓಣಿಯೇ ಇದೆ!

ಆದಿಲ್‌ಶಾಹಿಗಳ ಕಾಲದಲ್ಲಿ, ಯುದ್ಧದ ಗದ್ದಲದ ನಡುವೆ ವಿಜಾಪುರದ ಕಡೆಯಿಂದ ಬಂದ ಮುಸ್ಲಿಂ ನೇಕಾರ ಕುಟುಂಬಗಳು ಇಲ್ಲಿ ನೆಲೆ ನಿಂತವು ಅನ್ನೋದು ತಲೆಮಾರುಗಳಿಂದ ಬಂದ ಮಾತು. ಸುತ್ತಲೂ ಹತ್ತಿ ಬೆಳೆಯುವ ಎರೆಭೂಮಿ. ನೇಯುವವರಿಗೆ ಇನ್ನೇನು ಬೇಕು?

ಇಲ್ಲಿ ನೇಯುವವರು ಹೆಂಗಸರು. ಮಗ್ಗ ನೆಟ್ಟಗೆ ನಿಂತಿರುತ್ತದೆ, ಹಾಸಿನ ನೂಲು ಮೇಲಿಂದ ಕೆಳಕ್ಕೆ. ಅದರ ಮುಂದೆ ಕೂತು ಬಣ್ಣಬಣ್ಣದ ಹೊಕ್ಕಿನ ನೂಲನ್ನು ಬೆರಳಲ್ಲೇ ತೂರಿಸಿ, ಪಂಜಾ ಎಂಬ ಹಣಿಗೆಯಂಥ ಸಲಕರಣೆಯಿಂದ ಬಡಿದು ಕೂರಿಸುತ್ತಾರೆ. ಹಾಸು ಪೂರ್ತಿ ಮುಚ್ಚಿಹೋಗುತ್ತದೆ. ನವಿಲು, ಪಗಡೆಹಾಸು, ಚೌಕಗಳು ಮೂಡುವುದು ಹೊಕ್ಕಿನ ಬಣ್ಣದಲ್ಲೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದೊಂದೇ ಪಿಕ್ಸೆಲ್ ಕೈಯಲ್ಲಿ ತುಂಬಿದ ಹಾಗೆ. ನಮಾಜಿಗೆ ಜಾನಮಾಜ್, ಒರಟು ಬಳಕೆಗೆ ದಪ್ಪನೆಯ ಗುಡಾರ ಕೂಡ ಇದೇ ಕೈಗಳ ಕೆಲಸ.

ಯುರೋಪಿನ ಬಿಲ್ಲೆ ನೇಯ್ಗೆ ಇದಕ್ಕೆ ತದ್ವಿರುದ್ಧ. ಮೂಲೆಗಳಲ್ಲಿ ತೂತಿರುವ ಚೌಕ ಬಿಲ್ಲೆಗಳಿಗೆ ಹಾಸಿನ ದಾರ ಪೋಣಿಸಿ, ಬಿಲ್ಲೆ ತಿರುಗಿಸುತ್ತಾ ಪಟ್ಟಿ ನೇಯುತ್ತಾರೆ. ಚಿತ್ತಾರ ಹಾಸಿನದ್ದು. ನಾರ್ವೆಯ ಓಸೆಬರ್ಗ್‌ನಲ್ಲಿ 1904ರಲ್ಲಿ ಅಗೆದ ವೈಕಿಂಗ್ ಹಡಗು, 834ರ ಸುಮಾರಿನ ಇಬ್ಬರು ಹೆಂಗಸರ ಸಮಾಧಿ. ಅಲ್ಲಿ ಅಂಥ ಬಿಲ್ಲೆಗಳು ದಾರ ಪೋಣಿಸಿದ್ದ ಹಾಗೆಯೇ ಸಿಕ್ಕವು. ಸಲಕರಣೆ ಸಾವಿರ ವರ್ಷ ಉಳಿಯಿತು, ನೇಯ್ದ ಕೈ ಉಳಿಯಲಿಲ್ಲ.

ನವಲಗುಂದದ ಭಯವೂ ಇದೇ. ಇಲ್ಲಿ ವಿದ್ಯೆಯನ್ನು ಮಗಳಿಗಲ್ಲ, ಸೊಸೆಗೆ ಕಲಿಸುವ ರೂಢಿ ಇತ್ತು. ಮಗಳು ಮದುವೆಯಾಗಿ ಹೋದರೆ ಗುಟ್ಟೂ ಹೊರಗೆ ಹೋಗುತ್ತಲ್ಲ! ಶತಮಾನಗಳ ಕಾಲ ಕಸುಬನ್ನು ಕಾಯ್ದಿದ್ದು ಈ ಬೇಲಿ. ಆದರೆ ಕಲಿಯುವವರೇ ಕಡಿಮೆಯಾದಾಗ ಅದೇ ಬೇಲಿ ಉರುಳಾಗುತ್ತದೆ. ಯಂತ್ರದ ಅಗ್ಗದ ಹಾಸುಗಳ ಎದುರು ದಿನವಿಡೀ ಕೂತು ನೇಯ್ದರೂ ಕೂಲಿ ಹುಟ್ಟುವುದು ಕಷ್ಟ. ಇಂದು ನೇಯುವ ಹೆಂಗಸರು ಬೆರಳೆಣಿಕೆಯಷ್ಟು.

2011ರಲ್ಲಿ ನವಲಗುಂದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಒಳ್ಳೆಯದೇ. ಆದರೆ ಅದು ಕಾಯುವುದು ಹೆಸರನ್ನು, ಬೆರಳುಗಳನ್ನಲ್ಲ. ಬೆರಳು ಉಳಿಯಬೇಕಾದರೆ ಸೊಸೆಯಂತೆ ಮಗಳೂ ಕಲಿಯಬೇಕು, ನೇಯ್ದ ದಿನಕ್ಕೆ ಸರಿಯಾದ ಬೆಲೆ ಸಿಗಬೇಕು.

ನಿಮ್ಮ ಮನೆಯ ಅಟ್ಟದ ಮೇಲೆ ನವಿಲಿನ ಹಳೇ ಜಮಖಾನ ಇದ್ದರೆ ಒಮ್ಮೆ ಬಿಡಿಸಿ ನೋಡಿ. ಯಾರ ಬೆರಳೋ ಅದರ ಒಂದೊಂದು ಎಳೆಯನ್ನೂ ಮುಟ್ಟಿದೆ.