ಸಿಲಿಕಾನ್‌ನಲ್ಲಿ ಇಂಗಾಲದ ದೋಷಗಳು: ಗಣಕ ಮಾದರಿಯ ಅಂಕಿಗಳನ್ನು ಕುರಿತ ಟಿಪ್ಪಣಿ

1. ವ್ಯಾಪ್ತಿ
ಸಿಲಿಕಾನ್ ಹರಳು ಬೆಳೆಯುವಾಗಲೇ ಸೇರುವ ಇಂಗಾಲ ಬಹುಪಾಲು ಸಿಲಿಕಾನ್ ಪರಮಾಣುವಿನ ಸ್ಥಾನದಲ್ಲೇ ನೆಲೆಸುತ್ತದೆ. ವಿಕಿರಣಕ್ಕೆ ಒಡ್ಡಿದಾಗ ಅದರ ಒಂದು ಪಾಲು ಪರಮಾಣುಗಳ ಎಡೆಗೆ ಸರಿದು, ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಚಲಿಸಿ, ಸ್ಥಾನಸ್ಥ ಇಂಗಾಲದೊಡನೆ ಜೋಡಿಯಾಗುತ್ತದೆ. ಇದು ಜಿ ಕೇಂದ್ರ. ವಾಟ್ಕಿನ್ಸ್ ತಂಡದ 1990ರ ಪ್ರಯೋಗದಂತೆ ಅದಕ್ಕೆ ಎ, ಬಿ ಎಂಬ ಎರಡು ವಿನ್ಯಾಸಗಳು: ತಟಸ್ಥ ಸ್ಥಿತಿಯಲ್ಲಿ ಬಿ ಸ್ಥಿರ, ಆವೇಶಿತ ಸ್ಥಿತಿಯಲ್ಲಿ ಎ. ತಟಸ್ಥದಲ್ಲಿ ಇವೆರಡರ ಶಕ್ತಿಯ ಅಂತರ ಸುಮಾರು 0.02 ಎಲೆಕ್ಟ್ರಾನ್‌ವೋಲ್ಟ್ (ಮುಂದೆ ‘ಇವಿ’) ಮಾತ್ರ.

2. ಆವೇಶದ ತಿದ್ದುಪಡಿ
ಡೆನ್ಸಿಟಿ ಫಂಕ್ಷನಲ್ ಲೆಕ್ಕದಲ್ಲಿ ದೋಷವಿರುವ ಸೂಪರ್‌ಸೆಲ್ ಎಲ್ಲ ದಿಕ್ಕಿಗೂ ಮರುಕಳಿಸುತ್ತದೆ. ದೋಷ ಆವೇಶಿತವಾಗಿದ್ದರೆ ತನ್ನ ಪ್ರತಿರೂಪಗಳೊಡನೆಯೇ ವರ್ತಿಸಿ, ಹರಳಿನಲ್ಲಿಲ್ಲದ ಶಕ್ತಿಯೊಂದು ಲೆಕ್ಕಕ್ಕೆ ನುಸುಳುತ್ತದೆ. ಇದನ್ನು ಕಳೆಯಲು ಫ್ರೈಸೋಲ್ಟ್, ನಾಯ್ಗೆಬಾವರ್, ವಾನ್ ಡಿ ವಾಲ್ 2009ರಲ್ಲಿ ಒಂದು ವಿಧಾನ ಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿತ್ ನಾಯಕ್ ಮತ್ತು ಮನೀಶ್ ಜೈನ್ 2018ರಲ್ಲಿ ಪ್ರಕಟಿಸಿದ ಪೈಥಾನ್ ತಂತ್ರಾಂಶ ಅದೇ ವಿಧಾನವನ್ನು ಘನವಸ್ತು, ಪದರ, ತಂತಿಗಳಿಗೆ ಅಳವಡಿಸುತ್ತದೆ. (ತಂತ್ರಾಂಶದ ಹೆಸರು ‘ಕಾಫಿ’.)

ತಿದ್ದುಪಡಿಯ ಪ್ರಮಾಣ ಗಮನಾರ್ಹ. ಜಾಲಕದ ಅಳತೆ 5.431 ಆಂಗ್‌ಸ್ಟ್ರಾಮ್, ಡೈಎಲೆಕ್ಟ್ರಿಕ್ ಸ್ಥಿರಾಂಕ 11.7, ಆವೇಶ ಒಂದು ಮಾನ ಎಂದಿಟ್ಟುಕೊಂಡರೆ, ಮೊದಲ ಪದವಷ್ಟೇ 64 ಪರಮಾಣುಗಳ ಘನಾಕಾರದ ಸೆಲ್‌ಗೆ 0.161, 216ಕ್ಕೆ 0.107, 512ಕ್ಕೆ 0.080 ಇವಿ ಬರುತ್ತದೆ. ಒಂದೇ ಆವೇಶದ ಎ, ಬಿಗಳನ್ನು ಹೋಲಿಸುವಾಗ ಇದು ಬಹುಮಟ್ಟಿಗೆ ವಜಾ ಆಗುತ್ತದೆ. ಆವೇಶ ಬದಲಾಗುವ ಶಕ್ತಿಮಟ್ಟಗಳಲ್ಲಿ ಹಾಗಾಗದು, 0.02 ಇವಿಯ ವಾದಗಳನ್ನು ಅಲ್ಲಿಗೆ ಒಯ್ಯುವುದು ಕಷ್ಟ.

3. ಕಂಪನ
ಸ್ಥಾನಸ್ಥ ಇಂಗಾಲದ ಕಂಪನರೇಖೆ ಇಂಗಾಲ-12ಕ್ಕೆ ಸೆಂಟಿಮೀಟರಿಗೆ 607, ಇಂಗಾಲ-13ಕ್ಕೆ 589. ಇಂಗಾಲವೊಂದೇ ಅಲುಗುತ್ತದೆಂದು ಭಾವಿಸಿದರೆ ಎರಡನೆಯದು 583 ಆಗಬೇಕಿತ್ತು. ಆರರ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ನೆರೆಯ ಸಿಲಿಕಾನ್ ಪರಮಾಣುಗಳೂ ಜೊತೆಗೆ ಚಲಿಸುವುದು. ಮಾದರಿಯನ್ನು ಒರೆಗೆ ಹಚ್ಚಲು, ನನ್ನ ಎಣಿಕೆಯಲ್ಲಿ, ರೇಖೆಯ ಸ್ಥಾನಕ್ಕಿಂತ ಈ ಪಲ್ಲಟವೇ ಮೇಲು.

4. ಗುರುತಿನ ತೊಡಕು
ಜಿ ಕೇಂದ್ರದ ಬೆಳಕಿನ ರೇಖೆ 969 ಮಿಲಿಇವಿ, ಅಂದರೆ 1279.5 ನ್ಯಾನೊಮೀಟರ್. ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘1.28 ಮೈಕ್ರೋಮೀಟರ್’. ಆ ದುಂಡು ಅಂಕಿಯೊಳಗೆ 964.9ರಿಂದ 972.4 ಮಿಲಿಇವಿವರೆಗಿನ ಯಾವ ರೇಖೆಯೂ ಅಡಗಬಹುದು. ಹೈಬ್ರಿಡ್ ಫಂಕ್ಷನಲ್ ಲೆಕ್ಕಗಳಲ್ಲೂ ಹತ್ತಾರು ಮಿಲಿಇವಿಯ ತಪ್ಪು ಅಪರೂಪವಲ್ಲ.

2020ರಿಂದ ಬಿಡಿ ಜಿ ಕೇಂದ್ರಗಳೆಂದು ವರದಿಯಾದ ಹೊರಸೂಸುಕಗಳ ಕ್ವಾಂಟಮ್ ದಕ್ಷತೆಯ ಅಂದಾಜುಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅವು ಎರಡು ಬೇರೆ ಕುಟುಂಬಗಳೆಂದು ದ್ಯುರಾಂ ಮತ್ತು ಸಂಗಡಿಗರು 2024ರಲ್ಲಿ ತೋರಿಸಿದರು: ಒಂದು ನಿಜವಾದ ಜಿ, ಇನ್ನೊಂದು ‘ಜಿ-ನಕ್ಷತ್ರ’. ಎರಡನೆಯದರ ಪರಮಾಣು ರಚನೆ ಆ ಪ್ರಬಂಧದಲ್ಲಿ ನಿರ್ಧಾರವಾಗಿಲ್ಲ. ಅದಕ್ಕೆ ಮಾದರಿ ಸೂಚಿಸುವವರು ರೇಖೆಯ ಶಕ್ತಿಯ ಜೊತೆಗೆ ಧ್ರುವೀಕರಣದ ದಿಕ್ಕನ್ನೂ ಇಂಗಾಲ-13ರ ಪಲ್ಲಟವನ್ನೂ ಸೆಲ್‌ನ ಗಾತ್ರದೊಡನೆ ಕೊಟ್ಟರೆ ಹೋಲಿಕೆ ಸಾಧ್ಯವಾದೀತು.